ಚಾ ಜೊತೆ ಸೊಂಟದ್ದು

ಅಕ್ಟೋಬರ್ 16, ಬುಧವಾರ, ಬೆಳಿಗ್ಗೆ 10.20. ಖಾಸಗಿ ಹೆರಿಗೆ ಆಸ್ಪತ್ರೆಯೊಂದರ ನರ್ಸ್ ಸಂಧ್ಯಾರಾಣಿ ಚನ್ನಗಿರಿ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಎರಡು ದಿನದ ಹೆಣ್ಣು ಕೂಸು ನಡುಗುತ್ತಿದೆ, ಕೀರಲು ದನಿಯಲ್ಲಿ ಅಳುತ್ತಿದೆ. ತಾಯಿ ಚೈತ್ರಶ್ರೀ, 22 ವರ್ಷ, ಜಗಳೂರು ಕಡೆಯವಳು. ಅವಳ ಬೆರಳುಗಳು ಕಪ್ಪಾಗಿವೆ. ಗಾಂಜಾ ಸೇದುವ ಶಂಕೆ.

"ಸಂಶಯ ಬಂದರೆ ತಿಳಿಸಬೇಕು ಅಂತ ನಮ್ಮಲ್ಲಿ ನಿಯಮ ಮೇಡಂ. ಮಕ್ಕಳ ಕಲ್ಯಾಣ ಸಮಿತಿಗೂ ಹೇಳಿದ್ದೇನೆ. ನಾಳೆ ಹನ್ನೊಂದಕ್ಕೆ ತೀರ್ಮಾನ."

"ತಾಯಿದೇ ತಪ್ಪು ಅಂತಾದರೆ?" ಪಿಎಸ್‌ಐ ಯಶೋಧರಾ ಕೇಳಿದರು.

"ಕೂಸು ಶಿಶುಗೃಹಕ್ಕೆ ಹೋಗುತ್ತೆ."

12.05. ವಾರ್ಡಿನಲ್ಲಿ ಚೈತ್ರಶ್ರೀ ಕೂಸನ್ನು ಸೆರಗಿನೊಳಗೆ ಬಿಗಿಯಾಗಿ ಹಿಡಿದಿದ್ದಳು.

"ಗಾಂಜಾ ಸೇದ್ತೀಯಾ?"

"ಎಲೆ ಅಡಿಕೆನೂ ಮುಟ್ಟಿಲ್ಲ ಮೇಡಂ."

"ಮಾತ್ರೆ?"

"ಆಸ್ಪತ್ರೆಯ ಕೆಂಪು ಮಾತ್ರೆ, ಅಷ್ಟೇ."

ಉತ್ತರ ತೀರ ಬೇಗ ಬಂತು. ಯಶೋಧರಾ ನಂಬಲಿಲ್ಲ.

ಕಾನ್‌ಸ್ಟೇಬಲ್ ಕಲ್ಲೇಶ್ ಬಗ್ಗಿ ಅವಳ ಬೆರಳು ನೋಡಿದ. "ಮೇಡಂ, ಇದು ಹಸಿ ಅಡಿಕೆ ಸುಲಿದ ಚೊಗರಿನ ಕಲೆ. ಇದಕ್ಕೆ ಕೇಸ್ ಹಾಕಿದ್ರೆ ಮೊದಲು ನಮ್ಮವ್ವನ್ನ ಒಳಗೆ ಹಾಕಬೇಕಾಗ್ತೈತೆ." ಅವಳ ಕಡೆ ತಿರುಗಿದ. "ಎಲ್ಲಿ ಸುಲೀತಿದ್ದೆ ತಂಗಿ?"

"ತ್ಯಾವಣಿಗೆ ಶೆಡ್‌ನಾಗೆ. ಹೆರಿಗೆ ಹಿಂದಿನ ದಿನದ ತನಕ."

"ತುಂಬಿದ ಹೊಟ್ಟೆ ಇಟ್ಕಂಡು? ಸೊಂಟ ನೋಯ್ಲಿಲ್ವೇನು?"

"ಚಾ ಜೊತೆ ಸೊಂಟದ್ದು ಕೊಡ್ತಿದ್ರಲ್ಲಣ್ಣ."

"ಏನದು?" ಯಶೋಧರಾ ಕೇಳಿದರು.

"ಗುಳಿಗೆ."

"ಮಾತ್ರೆ ಇಲ್ಲ ಅಂದೆ!"

"ಅದು ಕಾಯಿಲೆದಲ್ಲ ಮೇಡಂ, ಸೊಂಟದ್ದು. ಎಲ್ಲಾರೂ ತಗಂತಾರೆ."

1.30ಕ್ಕೆ ಎಫ್‌ಐಆರ್ ದಾಖಲಾಯಿತು. 3.15ಕ್ಕೆ ಶೆಡ್‌ನಲ್ಲಿ ಪಂಚನಾಮೆ. ಚಹಾಪುಡಿ ಡಬ್ಬಿಯಲ್ಲಿ ಹನ್ನೊಂದು ಸ್ಟ್ರಿಪ್ ಗುಳಿಗೆ ಸಿಕ್ಕವು. ವೈದ್ಯರು ನೋಡಿ ಹೇಳಿದರು: ಚಟ ಹಿಡಿಸುವ ನೋವಿನ ಗುಳಿಗೆ, ಚೀಟಿ ಇಲ್ಲದೆ ಮಾರುವಂತಿಲ್ಲ. ಹೊಟ್ಟೆಯಲ್ಲಿದ್ದಾಗಲೇ ಕೂಸಿಗೂ ರೂಢಿಯಾಗಿದೆ. ಈಗ ಸಿಗದೆ ನಡುಗುತ್ತಿದೆ.

ಶೆಡ್‌ನಲ್ಲಿ ಸುಲಿಯುವವರ ಮೇಸ್ತ್ರಿ ಅನ್ನಪೂರ್ಣ ಕತ್ತಿ ಕೆಳಗಿಟ್ಟಳು.

"ಅವಳು ಬಸುರಿ ಅಂತ ಗೊತ್ತಿತ್ತಾ?" ಯಶೋಧರಾ ಕೇಳಿದರು.

"ಗೊತ್ತಿತ್ತು. ಅದಕ್ಕೇ ಎರಡು ಕೊಡ್ತಿದ್ದೆ."

5.40ಕ್ಕೆ ಬಂಧನ. ಗುಳಿಗೆ ಮಾರಿದವನನ್ನು ಹುಡುಕಿಕೊಂಡು ಕಲ್ಲೇಶ್ ಹೊನ್ನಾಳಿ ಬಸ್ಸು ಹತ್ತಿದ.

ಮರುದಿನ ಸಮಿತಿ ಯಶೋಧರಾ ಅವರ ವರದಿ ಓದಿತು. ಚಿಕಿತ್ಸೆ ಮುಗಿಯುವವರೆಗೆ ಆಸ್ಪತ್ರೆಯಲ್ಲೇ, ತಾಯಿಯ ಬಳಿಯೇ ಕೂಸು ಇರಲಿ ಎಂದಿತು.

ಅನ್ನಪೂರ್ಣಳ ಹೇಳಿಕೆ ಒಂದೇ ಪುಟ. ಹದಿನಾಲ್ಕು ವರ್ಷದ ಹಿಂದೆ ಅವಳು ಏಳು ತಿಂಗಳ ಬಸುರಿ. ಸೊಂಟ ಹಿಡಿದುಕೊಂಡು ಅರ್ಧ ದಿನ ಕೆಲಸ ಬಿಟ್ಟು ಕೂತಳು. ಅಡಿಕೆ ಗುತ್ತಿಗೆ ಹಿಡಿದಿದ್ದ ಖೇಣಿದಾರ ನಾಳೆಯಿಂದ ಬರಬೇಡ ಎಂದ. ಕೂಲಿ ಹೋಯಿತು, ಆ ಕೂಸೂ ಉಳಿಯಲಿಲ್ಲ. ಕೊನೆಯ ಸಾಲನ್ನು ಯಶೋಧರಾ ತಿದ್ದದೆ ಬರೆಸಿದರು: "ಚೈತ್ರಶ್ರೀ ಕುಂತ್ಕಬಾರದು ಅಂತ ಕೊಟ್ಟೆ."