ಮುಚ್ಚಳದ ಹನಿ

ಗಂಡನಿಗೆಂದು ಬಡಿಸಿಟ್ಟ ಊಟದ ಮುಂದೆ ಗಂಡಸೊಬ್ಬ ಬೆನ್ನು ತಿರುಗಿಸಿ ಕೂತಿದ್ದ. ಜಾರುಬಾಗಿಲು ಸರಿಸಿದ ಒಮಿನೆ ಹೊಸ್ತಿಲಲ್ಲೇ ನಿಂತಳು. ಹನ್ನೊಂದು ವರ್ಷದ ಮೇಲೆ ಬಂದನೇ? ಆ ಗಳಿಗೆಯಲ್ಲಿ ಅವಳಿಗಾದದ್ದು ಸಂತೋಷವಲ್ಲ. ಮತ್ತೆ ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕಲ್ಲ ಎಂಬ ಆಯಾಸ. ಅದನ್ನು ಅವಳು ಆಮೇಲೂ ಯಾರಿಗೂ ಹೇಳಲಿಲ್ಲ.

ಗಂಡಸು ಊಟದ ಕಡ್ಡಿ ಎತ್ತಿಕೊಂಡು ತಿರುಗಿದ. ಗುರುತಿಲ್ಲದ ಮುಖ.

"ಅಯ್ಯೋ, ಮುಟ್ಬೇಡಿ! ಅದು ನಿಮಗಲ್ಲ!"

"ನಾನು ಬಡಗಿ ಟೋಕುಹೇ. ಕುರ್ಚಿ ಮಾಡೋಕೆ ಕರೆಸಿದ್ರಲ್ಲ... ಬಂದವನಿಗೆ ಬಡಿಸಿಟ್ಟಿದ್ದಾರೆ, ಒಳ್ಳೇ ಜನ ಅಂದ್ಕೊಂಡೆ."

"ನಮ್ಮ ಯಜಮಾನರಿಗೆ ಇಟ್ಟಿದ್ದು."

ಅವನು ಸುತ್ತ ನೋಡಿದ. "ಎಲ್ಲಿದ್ದಾರೆ?"

"ದೂರ ಹೋಗಿದ್ದಾರೆ."

ಅಷ್ಟು ಸಾಕಾಯಿತು. ದೂರ ಹೋದವರು ಹಸಿದಿರಬಾರದೆಂದು ಮನೆಯಲ್ಲಿ ದಿನವೂ ಅವರ ಪಾಲಿನ ಊಟ ಇಡುವುದು ಅವನ ಊರಲ್ಲೂ ಇತ್ತು. ಅವನು ಕಡ್ಡಿಯನ್ನು ಇದ್ದ ಹಾಗೇ ಜೋಡಿಸಿಟ್ಟ. ಹಿಂದೆ ಸರಿದು, ಕೂರಲು ಹಾಸಿದ್ದ ಖಾಲಿ ದಿಂಬಿಗೆ ತಲೆಬಾಗಿ, "ತಪ್ಪಾಯ್ತು ಯಜಮಾನ್ರೆ" ಅಂದ.

ಒಮಿನೆಗೆ ನಗು ಬಂತು. ನಗು ಬಂದದ್ದಕ್ಕೆ ಭಯವೂ ಆಯಿತು.

ಮೇಜಿ ಚಕ್ರವರ್ತಿಯ ಆಳ್ವಿಕೆಯ ಹನ್ನೆರಡನೆಯ ವರ್ಷದ ಬೇಸಿಗೆ ಅದು. ಅಮೆರಿಕದ ಹಿಂದಿನ ಅಧ್ಯಕ್ಷರು ಲೋಕವನ್ನೆಲ್ಲ ಸುತ್ತುತ್ತ ಜಪಾನಿಗೆ ಬಂದಿದ್ದಾರೆ, ಕ್ಯೋಟೋಗೆ ಹೋಗುವಾಗ ಈ ಕಡಲಂಚಿನ ಊರಲ್ಲಿ ಒಟೊರಾಳ ತಂಗುಮನೆಯಲ್ಲಿ ಒಂದು ರಾತ್ರಿ ಇರುತ್ತಾರೆ ಅಂತ ಸರ್ಕಾರದಿಂದ ಹೇಳಿಕೆ ಬಂದಿತ್ತು. ಒಟೊರಾ ಒಮಿನೆಯ ಅತ್ತೆ. ಅವಳ ಮಗ, ಒಮಿನೆಯ ಗಂಡ ಕುಮಾಜಿ, ಹಳೆಯ ದೊರೆತನ ಮುರಿದುಬಿದ್ದ ಯುದ್ಧದಲ್ಲಿ ದಂಡಿನ ಮೂಟೆ ಹೊರಲು ಹೋದವನು. ಬದುಕಿದ ಸುದ್ದಿಯೂ ಇಲ್ಲ, ಸತ್ತ ಸುದ್ದಿಯೂ ಇಲ್ಲ.

ನೆಲದ ಮೇಲೆ ಕೂತು ಬೆಳೆದ ಊರಿಗೆ ಕುರ್ಚಿಯ ಅಳತೆ ಯಾರಿಗೆ ಗೊತ್ತು? ಬರುವ ಅತಿಥಿ ಬಾಗಿಲಿಗಿಂತ ಎತ್ತರ ಅಂತ ಊರೆಲ್ಲ ಮಾತು. ಟೋಕುಹೇ ಅದನ್ನೇ ನಂಬಿ ಮಾಡಿದ.

"ಒಂಚೂರು ಕೂತು ನೋಡಿ, ಒಮಿನೆ ಅವ್ರೆ."

ಅವಳು ಹತ್ತಿ ಕೂತಳು. ಕಾಲು ನೆಲ ಮುಟ್ಟದೆ ಜೋತಾಡಿತು.

"ಇದು ಕುರ್ಚಿನೋ, ಊರಿಗೆ ಬೆಂಕಿ ಬಿತ್ತಾ ಅಂತ ನೋಡೋ ಅಟ್ಟಣೆನೋ?"

"ಅಲ್ಲಿಂದ ಏನು ಕಾಣುತ್ತೆ ಹೇಳಿ."

"ನಿಮ್ಮ ನೆತ್ತಿ. ಕೂದಲು ತೆಳ್ಳಗಾಗಿದೆ."

ಕುರ್ಚಿಯ ಕಾಲಿಗೆ ಗುರುತು ಹಾಕುತ್ತಿದ್ದವನು ಮುಖ ಎತ್ತಿದ. ಹುಬ್ಬಿನ ಮೇಲೆ ಮರದ ಪುಡಿ. ಒರೆಸೋಣವೆಂದು ಅವಳ ಕೈ ಎದ್ದಿತು, ಅರ್ಧಕ್ಕೇ ಮಡಿಲಿಗೆ ಮರಳಿತು. ಅವನು ಅದನ್ನು ನೋಡಿದ. ಅವನು ನೋಡಿದ್ದು ಅವಳಿಗೂ ತಿಳಿಯಿತು.

"ಎರಡು ವರ್ಷದಿಂದ ತಿರುಗ್ತಾನೇ ಇದ್ದಾರಂತೆ ಪಾಪ, ಆ ಅಮೆರಿಕದವರು" ಅಂದಳು, ಏನಾದರೂ ಹೇಳಬೇಕೆಂದು. "ಅವರ ಮನೇಲಿ ಊಟ ಯಾರು ಇಡ್ತಾರೋ."

"ಹೆಂಡತೀನ ಜೊತೆಗೇ ಕರ್ಕೊಂಡು ಬಂದಿದ್ದಾರಂತೆ."

ಒಮಿನೆ ಜೋತುಬಿದ್ದ ತನ್ನ ಕಾಲು ನೋಡಿಕೊಂಡಳು. "ಪುಣ್ಯವಂತೆ. ನಡೆದು ಸುಸ್ತಾಗ್ತಾಳೆ, ಕಾದು ಅಲ್ಲ."

ಸಾರಿನ ಬಟ್ಟಲಿನ ಮುಚ್ಚಳದೊಳಗೆ ಹನಿ ಕಟ್ಟಿದರೆ ದೂರ ಹೋದವರು ಕ್ಷೇಮ ಅಂತ ಅಲ್ಲಿಯವರ ನಂಬಿಕೆ. ಹನಿ ಇಲ್ಲದಿದ್ದರೆ ಏನೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಟೊರಾ ದಿನಾ ಮಧ್ಯಾಹ್ನ ಮುಚ್ಚಳ ಎತ್ತಿ ನೋಡಿ, "ಚೆನ್ನಾಗಿದ್ದಾನೆ" ಅಂದು, ಆ ಊಟವನ್ನು ತಾನೇ ಉಣ್ಣುತ್ತಿದ್ದಳು.

ನೀರು ಕುಡಿಯಲು ಅಡುಗೆಮನೆಗೆ ಬಂದ ಟೋಕುಹೇ ಒಂದು ದಿನ ಮೆಲ್ಲಗೆ ಕೇಳಿದ. "ಮಿಕ್ಕ ಬಟ್ಟಲಿಗೆಲ್ಲ ಸುಮ್ನೆ ಬಡಿಸ್ತೀರಿ. ಅದೊಂದಕ್ಕೆ ಮಾತ್ರ ಕೊತಕೊತ ಕುದಿಸಿ ಸುರೀತೀರಲ್ಲ."

ಸೌಟು ನಿಂತಿತು. "ಅತ್ತೆಗೆ ಹೇಳ್ಬೇಡಿ. ಆ ಹನಿ ನೋಡ್ಕೊಂಡೇ ಅವರು ಬದುಕಿರೋದು."

"ಮತ್ತೆ ನೀವು?"

ಅವಳು ಸೌಟನ್ನು ಮತ್ತೆ ತಿರುವಿದಳು. ಅವನು ಒಲೆಗೆ ಸೌದೆ ತಳ್ಳಿ, ಉರಿ ಎದ್ದ ಮೇಲೆ ಎದ್ದುಹೋದ. ಅವತ್ತಿನಿಂದ ಆ ಹೊತ್ತಿಗೆ ಸರಿಯಾಗಿ ಸೀಳಿದ ಸೌದೆ ಒಲೆಯ ಪಕ್ಕ ಇರುತ್ತಿತ್ತು.

ಅಷ್ಟರಲ್ಲಿ ಪಡುವಣ ಊರುಗಳಲ್ಲಿ ವಾಂತಿಭೇದಿ ಎದ್ದಿತು. ಅತಿಥಿಗಳು ಈ ದಾರಿಗೆ ಬರುವುದಿಲ್ಲ ಅಂತ ಸುದ್ದಿ ಬಂತು. ಜನ ಕಟ್ಟಿದ ಕಾಗದದ ದೀಪಗಳನ್ನು ತಾವೇ ಬಿಚ್ಚಿದರು. ಯಾರಿಗೂ ಬೈಯುವಷ್ಟು ತ್ರಾಣವೂ ಇರಲಿಲ್ಲ.

"ದೊಡ್ಡವರು ಬರ್ತೀವಿ ಅಂದಿದ್ದೇ ದೊಡ್ಡದು" ಅಂದಳು ಒಟೊರಾ. "ಬಂದಿದ್ರೆ ಆ ಕುರ್ಚಿಯಿಂದ ಇಳಿಸೋಕೆ ಏಣಿ ಬೇಕಿತ್ತು."

ಮಾರನೆಯ ದಿನ ಟೋಕುಹೇ ಉಳಿ, ಗರಗಸ ಪೆಟ್ಟಿಗೆಗೆ ತುಂಬಿದ.

"ಯೊಕೊಹಾಮಾಕ್ಕೆ ಹೋಗ್ತೀನಿ. ಅಲ್ಲಿ ಕುರ್ಚೀಲಿ ಕೂರೋ ಜನ ಇದ್ದಾರೆ." ಪೆಟ್ಟಿಗೆ ಮುಚ್ಚಿದ. "ನೀವೂ ಬನ್ನಿ ಅಂತ ಕೇಳೋ ವಯಸ್ಸು ನಂದಲ್ಲ. ಆದ್ರೂ ಕೇಳ್ತಿದ್ದೀನಿ. ನಮ್ಮವಳು ಸತ್ತ ಮೇಲೆ ಎಲ್ಲಿ ಉಂಡ್ರೂ ಹೊಟ್ಟೆ ತುಂಬ್ತಿತ್ತು, ಅಷ್ಟೆ. ಇಲ್ಲಿ ರುಚಿ ಗೊತ್ತಾಯ್ತು."

"ಅತ್ತೆ ಇರೋ ತನಕ ನಾನು ಅವರ ಮಗನ ಹೆಂಡತಿ, ಟೋಕುಹೇ ಅವ್ರೆ."

"ಗೊತ್ತಿತ್ತು" ಅಂದು ಅವನು ಪೆಟ್ಟಿಗೆಯ ಹಗ್ಗ ಬಿಗಿದ.

ಅವನ ಹೆಜ್ಜೆ ಸದ್ದು ಬೀದಿಗಿಳಿದು ಮರೆಯಾಗುವ ತನಕ ಒಮಿನೆ ಅಡುಗೆಮನೆಯ ಕಂಬಕ್ಕೆ ಒರಗಿ ನಿಂತಳು. ಆಮೇಲೆ ಇದ್ದ ಸಾರನ್ನೇ ಕುದಿಸದೆ ಬಟ್ಟಲಿಗೆ ಹಾಕಿ ಒಯ್ದಿಟ್ಟಳು. ಒಟೊರಾ ಬಂದು ಮುಚ್ಚಳ ಎತ್ತಿದಳು.

ಒಣಗಿತ್ತು.

"ತನ್ನಿ ಅತ್ತೆ, ಕುದಿಸ್ಕೊಂಡು ಬರ್ತೀನಿ!" ಮಾತು ಬಾಯಿಂದ ಜಾರಿದ ಮೇಲೆ ಒಮಿನೆ ನಾಲಿಗೆ ಕಚ್ಚಿಕೊಂಡಳು.

"ಕೂತ್ಕೊಳ್ಳೇ" ಅಂದಳು ಮುದುಕಿ. "ಇಷ್ಟು ವರ್ಷ ನಾಲಿಗೆ ಸುಟ್ಕೊಂಡು ಉಂಡವಳು ನಾನು. ನಂಗೆ ಗೊತ್ತಾಗಲ್ವಾ?"

"ಗೊತ್ತಿದ್ರೂ ಯಾಕೆ ಸುಮ್ಮನಿದ್ರಿ?"

"ಗೊತ್ತು ಅಂದಿದ್ರೆ ನೀನು ಹೋಗ್ತಿದ್ದೆ. ಮಗನ್ನ ಕಳ್ಕೊಂಡಿದ್ದೆ, ನಿನ್ನನ್ನೂ ಕಳ್ಕೊಳ್ಳೋ ಧೈರ್ಯ ಇರ್ಲಿಲ್ಲ." ಮುಚ್ಚಳವನ್ನು ಬಟ್ಟಲ ಮೇಲೆ ಮೆಲ್ಲಗೆ ಇಟ್ಟಳು. "ಆ ಬಡಗಿ ಹೋಗ್ತಾ ನಂಗೆ ನಮಸ್ಕಾರ ಮಾಡ್ದ. ಕಣ್ಣು ಮಾತ್ರ ಅಡುಗೆಮನೆ ಕಡೆ. ಮುದುಕಿಗೆ ಕಾಣಲ್ಲ ಅಂದ್ಕೊಂಡ."

ಅವಳು ಆ ಊಟವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಮಂಡಿ ಲಟಕ್ಕೆನ್ನಿಸುತ್ತ ಎದ್ದು, ಮನೆಯ ಸತ್ತವರ ಹೆಸರಿನ ಹಲಗೆಗಳಿದ್ದ ಬುದ್ಧನ ಗೂಡಿನ ಮುಂದೆ ಇಟ್ಟಳು. ಊದುಬತ್ತಿ ಹಚ್ಚಿದಳು.

"ಕುಮಾಜಿ, ತಣ್ಣಗಿದೆ ಮಗಾ. ಇವತ್ತು ನಿಧಾನವಾಗಿ ಉಣ್ಣು."

ಅತ್ತೆ ಸೊಸೆ ಅಕ್ಕಪಕ್ಕ ಕೂತು ಅತ್ತರು. ಜೋರಾಗಿ ಅಲ್ಲ. ಅಷ್ಟು ಅಳು ಉಳಿದಿರಲಿಲ್ಲ.

"ಏನೇ ನೋಡ್ತಿದ್ದೀಯ?" ಒಟೊರಾ ಮೂಗೊರೆಸಿಕೊಂಡಳು. "ಆ ಬಡಗಿ ಗಟ್ಟಿಕಾಲಿನವನು. ಬೇಗ ಹೋಗು."

ಹೆದ್ದಾರಿಯಲ್ಲಿ ಊರು ಮುಗಿಯುವ ಕಡೆ, ಪೈನ್ ಮರದ ಬೇರಿನ ಮೇಲೆ ಅವನು ಕೂತಿದ್ದ.

"ಇಷ್ಟೇ ದೂರ ಬಂದ್ರಾ?" ಒಮಿನೆ ಏದುಸಿರು ಬಿಟ್ಟಳು.

"ಕಾಲು ಬರ್ಲಿಲ್ಲ."

"ಯೊಕೊಹಾಮಾಕ್ಕೆ ನಾನು ಬರೋದಿಲ್ಲ. ಅತ್ತೆ ಅಷ್ಟು ದೂರ ನಡೆಯಲ್ಲ. ನೀವೇ ಇಲ್ಲಿ ಇರ್ತೀರಾ ಅಂತ ಕೇಳೋಕೆ ಬಂದೆ."

"ಊರವರು ಏನಾದ್ರೂ ಅಂತಾರೆ."

"ಅನ್ನಲಿ. ಕಾದು ಕಾದು ಸುಸ್ತಾಗಿದೆ ನಂಗೆ. ಮಾತು ಕೇಳಿಸ್ಕೊಳ್ಳೋದು ಅದಕ್ಕಿಂತ ಹಗುರ."

ಅವನು ಪಕ್ಕಕ್ಕೆ ಸರಿದು ಜಾಗ ಮಾಡಿದ. ಅವಳು ಕೂತಳು. ತೋಳಿಗೆ ತೋಳು ತಾಗಿತು. ಇಬ್ಬರೂ ಸರಿಯಲಿಲ್ಲ. ಕಡಲ ಗಾಳಿ ಬೀಸುತ್ತಿತ್ತು. ಅವಳು ಕೈ ಎತ್ತಿ ಅವನ ಹಣೆಯ ಬೆವರು ಒರೆಸಿದಳು.

ಅವರು ಬಾಗಿಲಿಗೆ ಬರುವಷ್ಟರಲ್ಲಿ ಒಳಗಿನಿಂದ ಕೂಗು ಕೇಳಿಸಿತು.

"ಸಿಕ್ಕಿದನೇನೇ? ನನ್ನ ಪಾಲಿನ ಊಟ ಬುದ್ಧನ ಮುಂದೆ ಹೋಯ್ತು. ಹೊಟ್ಟೆ ಚುರುಗುಟ್ಟುತ್ತಿದೆ!"

"ಬಂದೆ ಅತ್ತೆ."

ಒಲೆಯಲ್ಲಿ ಇನ್ನೂ ಕೆಂಡವಿತ್ತು. ಒಮಿನೆ ಮೂರು ಬಟ್ಟಲು ತೆಗೆದು, ಸಾರನ್ನು ಉಣ್ಣಲು ಬೇಕಾದಷ್ಟೇ ಬಿಸಿ ಮಾಡಿದಳು.