ಒಲೆಯ ಮೇಲಿನ ಬೀಜದ ಬುರುಡೆ

ಹದಿನೆಂಟು ವರ್ಷ ಅತ್ತೆಯ ಹೊಲದಲ್ಲಿ ದುಡಿದರೂ ಲುಸುಂಗುವಿಗೆ ಆ ಊರಲ್ಲಿ ತನ್ನದು ಎನ್ನಲು ಒಂದು ಮೊಳ ನೆಲ ಇರಲಿಲ್ಲ. ನೆಲ ಹೆಣ್ಣುಮಕ್ಕಳದು, ಮನೆಯೂ ಅವರದೇ. ಮದುವೆಯಾಗಿ ಬಂದ ಗಂಡಸು ಬಂದ ದಿನ ಹೇಗೋ ಸಾಯುವ ದಿನವೂ ಹಾಗೇ, ಬರೀ ಅಳಿಯ. ಸಂಜೆ ಗಂಡಸರೆಲ್ಲ ಮಾವಿನ ಮರದಡಿ ಕೂತು ಜೋಳದ ಮುದ್ದೆ ಮುರಿಯುವಾಗ ಚಿಸಾಲೆ ದಿನಾ ಒಂದೇ ತಮಾಷೆ ಮಾಡುತ್ತಿದ್ದ.

"ಏನಪ್ಪಾ ಎರವಲು ಹುಂಜ, ಮರಿ ಮಾಡಿಸಿದ್ದಾಯ್ತಲ್ಲ. ವಾಪಸ್ ಯಾವಾಗ ಕಳಿಸ್ತಾರೆ ನಿನ್ನ?"

ಲುಸುಂಗು ಎಲ್ಲರ ಜೊತೆ ನಗುತ್ತಿದ್ದ. ಅಳಿಯನಿಗೆ ನಗುವುದೂ ಒಂದು ದುಡಿಮೆಯೇ.

ನೆಲ ಹೋಗಲಿ. ಅವನನ್ನು ಒಳಗೊಳಗೇ ಕೊರೆಯುತ್ತಿದ್ದದ್ದು ಬೀಜ. ಸರೋವರದ ಕಡೆಯ ಊರುಗಳಲ್ಲೆಲ್ಲ ಜನ ಮೂರೇ ತಿಂಗಳಿಗೆ ಕೊಯ್ಲಿಗೆ ಬರುವ ಹೊರಗಿನ ಗಾಂಜಾ ಹಾಕಿದ್ದರು. ಅದರ ಗಂಡು ಗಿಡಗಳ ಪರಾಗ ಗಾಳಿಯಲ್ಲಿ ತೇಲಿಬಂದು ಹಳೆಯ ತಳಿಗಳನ್ನೆಲ್ಲ ಕುಲಗೆಡಿಸಿತ್ತು. ಉಳಿದದ್ದು ಅತ್ತೆ ನಾಫಿರಿಯದು ಒಂದೇ. ಕೆಂಪು ಕಾಂಡ, ಸಪೂರ ಎಲೆ, ಏಳು ತಿಂಗಳು ಕಾಯಿಸುವ ಹಠ, ಒಣಗಿದಾಗ ಮಾವಿನ ಸಿಪ್ಪೆಯ ವಾಸನೆ. ಬೀಜದ ಗಿಡಗಳನ್ನು ಅವಳು ಎರಡು ಗುಡ್ಡದಾಚೆ, ಕೆಳಗಿನ ಗಾಳಿ ತಲುಪದ ಕಣಿವೆಯಲ್ಲಿ ಬೆಳೆಯುತ್ತಿದ್ದಳು. ಅವಸರಕ್ಕೆ ಹೂಬಿಟ್ಟ ಗಂಡು ಗಿಡಗಳನ್ನೆಲ್ಲ ಕೀಳಿಸಿ, ತಡವಾಗಿ ಬಿಟ್ಟ ಐದಾರನ್ನು ಮಾತ್ರ ಉಳಿಸುತ್ತಿದ್ದಳು. ಕೀಳುವ ಕೈ ಲುಸುಂಗುವಿನದು, ಯಾವುದನ್ನು ಕೀಳಬೇಕೆಂದು ಹೇಳುವ ಬಾಯಿ ಅವಳದು. ಅದನ್ನೂ ನೇರ ಅವನಿಗೆ ಹೇಳುತ್ತಿರಲಿಲ್ಲ. ಅತ್ತೆ ಅಳಿಯನ ಮುಖ ನೋಡಿ ಮಾತಾಡುವ ಪದ್ಧತಿಯಿಲ್ಲ. ಅವಳು ಮಗಳು ತಿಸುಂಗೆಗೆ ಹೇಳುವಳು, ತಿಸುಂಗೆ ಮೂರು ಹೆಜ್ಜೆ ಆಚೆ ನಿಂತ ಗಂಡನಿಗೆ ಹೇಳುವಳು. ಆ ಬೀಜವಿದ್ದದ್ದು ಅತ್ತೆಯ ಅಡುಗೆಮನೆಯಲ್ಲಿ, ಒಲೆಯ ಮೇಲಿನ ಅಟ್ಟದ ಹೊಗೆಯಲ್ಲಿ, ಒಂದು ಸೋರೆ ಬುರುಡೆಯೊಳಗೆ. ಅಳಿಯನಾದವನು ಆ ಹೊಸಿಲು ದಾಟುವಂತಿರಲಿಲ್ಲ.

ಕೊಯ್ಲು ಮುಗಿದ ಮೇಲೆ ರಾಜಧಾನಿ ಲಿಲೊಂಗ್ವೆಯಿಂದ ಪಿಕಪ್ ಗಾಡಿಯಲ್ಲಿ ಒಬ್ಬ ಬಂದಿದ್ದ, ಹಳೆಯ ತಳಿ ಹುಡುಕಿಕೊಂಡು.

"ಮಗಳೇ, ಅವರಿಗೆ ಒಂದು ಲೋಟ ನೀರು ಕೊಟ್ಟು ಕಳಿಸು. ಬೀಜ ಮಾರೋ ವಸ್ತು ಅಲ್ಲ, ತಾಯಿ ಕೈಯಿಂದ ಮಗಳ ಕೈಗೆ ಹೋಗೋದು," ಎಂದಳು ನಾಫಿರಿ.

ಗಾಡಿಯ ತನಕ ಬಿಟ್ಟುಬರಲು ಹೋದ ಲುಸುಂಗುವಿಗೆ ಆ ಮನುಷ್ಯ ಮೆಲ್ಲಗೆ ಹೇಳಿದ, "ನೋಡಿ, ನನ್ನೊಬ್ಬನ ಹತ್ರ ಇದ್ರೆ ಮಾತ್ರ ಅದಕ್ಕೆ ಬೆಲೆ. ಬೇರೆ ಯಾರ ಹತ್ರಾನೂ ಒಂದು ಕಾಳು ಉಳೀಬಾರ್ದು." ಅವನು ಕೊಡುತ್ತೇನೆಂದ ದುಡ್ಡಿಗೆ ಲುಸುಂಗು ತನ್ನ ಹುಟ್ಟೂರು ಮ್ಜಿಂಬಾದಲ್ಲಿ ಹೊಲ ಮಾಡಬಹುದಿತ್ತು. ಅಲ್ಲಿ ನೆಲ ಗಂಡಸಿನ ಹೆಸರಿನದು. ಅಲ್ಲಿ ಅವನು ಯಾರ ಅಳಿಯನೂ ಅಲ್ಲ.

ಅವನು ಆತುರ ಮಾಡಲಿಲ್ಲ. ಬುರುಡೆ ಕಾಣೆಯಾದರೆ ಊರಿನ ಕಣ್ಣು ಮೊದಲು ತಿರುಗುವುದು ಹೊರಗಿನಿಂದ ಬಂದವನ ಕಡೆಗೆ. ಕಳುವಾದದ್ದನ್ನು ಜನ ಹುಡುಕುತ್ತಾರೆ, ಸುಟ್ಟುಹೋದದ್ದನ್ನು ಯಾರೂ ಹುಡುಕುವುದಿಲ್ಲ. ಅಡುಗೆಮನೆ ಸುಡಬೇಕು, ಅದರೊಳಗೆ ಅಂಥದೇ ಇನ್ನೊಂದು ಬುರುಡೆ ಸುಡಬೇಕು. ಹುಲ್ಲಿನ ಮಾಡು ತಗ್ಗಾಗಿತ್ತು, ಬೇಸಗೆಗೆ ಕಾದು ಗರಿಗರಿಯಾಗಿತ್ತು. ಒಲೆಯ ಬೆಂಕಿ ನಾಫಿರಿಯ ತಾಯಿಯ ಕಾಲದಿಂದ ಆರಿಲ್ಲವೆಂದು ಊರೆಲ್ಲ ಹೇಳುತ್ತಿತ್ತು. ಅಂಥ ಮನೆ ಇಷ್ಟು ವರ್ಷ ಸುಡದೆ ಉಳಿದದ್ದೇ ಹೆಚ್ಚು.

ಅವನಿಗೆ ಬೇಕಾದದ್ದು ಒಂದು ಹೆಣ. ಯಾರದಾದರೂ ಆದೀತು. ಸಾವಾದರೆ ಹೆಂಗಸರೆಲ್ಲ ಹೆಣದ ಮನೆಯಲ್ಲೇ ಮಲಗುತ್ತಾರೆ. ಮಣ್ಣಾಗುವ ಹೊತ್ತಿಗೆ ಊರಲ್ಲಿ ಕೋಳಿ ಬಿಟ್ಟರೆ ಯಾರೂ ಇರುವುದಿಲ್ಲ. ಗುಂಡಿ ತೋಡುವವರಲ್ಲಿ ತಾನೊಬ್ಬನಾದರೆ ನಸುಕಿನಿಂದ ಮಧ್ಯಾಹ್ನದವರೆಗೆ ಹನ್ನೊಂದು ಜನರ ಕಣ್ಣೆದುರು ಇರಬಹುದು. ಇಷ್ಟು ವರ್ಷಗಳಲ್ಲಿ ಅವನು ಆ ಊರಿಗೆ ಮೂವತ್ತಕ್ಕೂ ಹೆಚ್ಚು ಗುಂಡಿ ತೋಡಿದ್ದ. ಯಾವ ಹೊತ್ತಿಗೆ ಯಾರು ಎಲ್ಲಿರುತ್ತಾರೆಂದು ಅವನಷ್ಟು ಬಲ್ಲವರು ಇರಲಿಲ್ಲ.

ಬೆಂಕಿಯ ವಿದ್ಯೆ ಅವನಿಗೆ ಹುಡುಗತನದಿಂದ ಗೊತ್ತು. ಜೇನು ಕೀಳುವವರು ತೊಗಟೆಯ ನಾರನ್ನು ಹುರಿಗೊಳಿಸಿ ಹಗ್ಗ ಮಾಡುತ್ತಾರೆ. ಅದು ಉರಿಯದೆ, ಆರದೆ, ಒಳಗೊಳಗೇ ಕೆಂಡವಾಗಿ ಸಾಗುತ್ತದೆ. ಜೇನಿಗೆ ಹೋಗುವ ನೆಪದಲ್ಲಿ ಕಾಡಿನಲ್ಲಿ ನಾಲ್ಕು ಸಲ ಅಳೆದು ನೋಡಿದ. ಒಂದು ಗೇಣು ಸುಡಲು ಸುಮಾರು ಒಂದು ಗಂಟೆ. ಮೊದಲ ಕೋಳಿ ಕೂಗಿನಿಂದ ನಡುಮಧ್ಯಾಹ್ನಕ್ಕೆ ಎಂಟು ಗೇಣು. ಹಗ್ಗವನ್ನು ಬಿದಿರಿನ ಕೊಳವೆಯಲ್ಲಿ ಇಟ್ಟರೆ ಹೊಗೆಯೂ ಕಾಣದು.

ಮಳೆ ಬೀಳಲು ಇನ್ನೊಂದು ತಿಂಗಳಿದೆ ಎನ್ನುವಾಗ ಊರಿನ ಯಜಮಾನಿಕೆ ಹೊತ್ತ ಹಿರಿಯ ಕಬೆಂದೆ ತೀರಿಕೊಂಡ. ಬಹಳ ದಿನದಿಂದ ಮಲಗಿದ್ದ ಮುದುಕ. ಇದಕ್ಕಿಂತ ದೊಡ್ಡ ಸಾವು ಬೇಡಿದರೂ ಸಿಗುತ್ತಿರಲಿಲ್ಲ. ಸುತ್ತಲಿನ ಏಳು ಊರು ಬರುತ್ತದೆ, ತನ್ನನ್ನು ನೋಡಿದೆನೆಂದು ಹೇಳಲು ಏಳು ಊರಿನ ಸಾಕ್ಷಿ.

ಮಣ್ಣಾಗುವ ದಿನ ಮೊದಲ ಕೋಳಿಗೇ ಅವನು ಅತ್ತೆಯ ಹೊಸಿಲು ದಾಟಿದ. ಹದಿನೆಂಟು ವರ್ಷದಲ್ಲಿ ಅದೇ ಮೊದಲು. ಒಳಗೆ ಬೂದಿಯಡಿ ಕೆಂಡ ಕಣ್ಣು ಬಿಟ್ಟುಕೊಂಡಿತ್ತು. ಅಟ್ಟದ ಬುರುಡೆ ಇಳಿಸಿ, ಹಾಳು ಬೀಜ ತುಂಬಿದ ತನ್ನ ಬುರುಡೆ ಇಟ್ಟ. ಹಗ್ಗದ ತುದಿಯನ್ನು ಆ ಒಲೆಯಲ್ಲೇ ಹೊತ್ತಿಸಿಕೊಂಡ. ಒಲೆಯ ಕಿಡಿ ಎಂದು ನಾಳೆ ಜನ ಅಂದರೆ ಅದು ಪೂರ್ತಿ ಸುಳ್ಳೂ ಆಗದಿರಲಿ. ಕೊಳವೆಯನ್ನು ಹಿಂಬದಿಯ ಮಾಡಿಗೆ ಸಿಕ್ಕಿಸಿ, ಇಳಿಸಿದ ಬುರುಡೆಯನ್ನು ದಾರಿಬದಿಯ ಮರದ ಮೇಲಿನ ತನ್ನ ಜೇನುಗೂಡಿನೊಳಗೆ ತುರುಕಿದ. ಜೇನುಹುಳ ಅವನೊಬ್ಬನನ್ನೇ ಸಹಿಸುತ್ತಿದ್ದವು.

ಗುಂಡಿ ತೋಡಲು ಹೊರಟಾಗ ಹೆಂಗಸರು ಸಾಲಾಗಿ ಹೊಳೆಯಿಂದ ನೀರು ಹೊತ್ತು ಬರುತ್ತಿದ್ದರು. ಮನೆಗೊಬ್ಬಳಂತೆ, ಮಾತಿಲ್ಲದೆ. ಏಳು ಊರಿನವರಿಗೆ ಅಡುಗೆಯಾಗಬೇಕಲ್ಲ ಎಂದುಕೊಂಡ.

ಹೊತ್ತೇರಿದಾಗ ಊಟ ಬಂತು. ನಿನ್ನೆಯ ಮುದ್ದೆ, ಒಣಗಿದ ಮೀನು.

"ಹಿರಿಯರ ಸಾವಿಗೆ ಇಷ್ಟು ತಣ್ಣಗಿನ ಊಟವಾ?" ಎಂದ ಲುಸುಂಗು.

"ತಿನ್ನು ತಿನ್ನು. ಹುಂಜಕ್ಕೆ ಬಿಸಿಬಿಸಿ ಬೇಕಂತೆ," ಎಂದ ಚಿಸಾಲೆ. ಉಳಿದವರು ಕೆಮ್ಮಿದಂತೆ ನಕ್ಕರು.

ಹೆಣ ಇಳಿಸಿ ಅರ್ಧ ಮಣ್ಣು ತುಂಬಿದ್ದಾಗ ಊರಿನ ಕಡೆ ಕಪ್ಪು ಹೊಗೆ ಎದ್ದಿತು. ಹೆಂಗಸರು ಕೂಗುತ್ತ ಓಡಿದರು. ಗುಂಡಿಯವರು ಕೆಲಸ ಅರ್ಧಕ್ಕೆ ಬಿಟ್ಟು ಕದಲುವಂತಿಲ್ಲ. ಲುಸುಂಗು ಎಲ್ಲರಿಗಿಂತ ಜೋರಾಗಿ ಮಣ್ಣೆಳೆದ. ಕೊನೆಗೆ ಚಿಸಾಲೆ ಗೋರಿಯ ತಲೆಯ ಬಳಿ ಕೂತು ಕಡ್ಡಿಗೆ ಕಡ್ಡಿ ಉಜ್ಜಿ ಬೆಂಕಿ ಹುಟ್ಟಿಸಿ, ಕೆಂಡವನ್ನು ಒಂದು ಮಡಕೆಗೆ ತುಂಬಿಕೊಂಡ. ದೊಡ್ಡವರ ಸಾವಿಗೆ ಇಂಥವು ಒಂದೆರಡು ಹೆಚ್ಚಿಗೆ ಇರುತ್ತವೆ ಎಂದುಕೊಂಡು ಲುಸುಂಗು ಗುದ್ದಲಿ ಹೆಗಲಿಗೇರಿಸಿದ.

ಅಡುಗೆಮನೆ ನೆಲಸಮವಾಗಿತ್ತು. ನಾಫಿರಿ ಕರಕಲು ಬುರುಡೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಏಳು ಊರು ಸುತ್ತ ನಿಂತಿತ್ತು. ಲುಸುಂಗು ಟೋಪಿ ತೆಗೆದು, ಹೆಂಡತಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಮನಸ್ಸಿನಲ್ಲಿ ತಿಂಗಳುಗಟ್ಟಲೆ ಹದ ಮಾಡಿದ ದನಿಯಲ್ಲಿ ಹೇಳಿದ, "ಮಾಡು ತಗ್ಗು ಅಂತ ನಾನು ಹೇಳ್ತಾನೇ ಇದ್ದೆ, ತಿಸುಂಗೆ. ಬೆಳಗ್ಗೆ ಒಲೆಯ ಕಿಡಿ ಹಾರಿರ್ಬೇಕು."

ಅಳು ನಿಂತಿತು. ತಿಸುಂಗೆ ಅವನ ಮೊಣಕಾಲಿನ ಮೇಲಿದ್ದ ತನ್ನ ಕೈಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡಳು. ನಾಫಿರಿ ತಲೆಯೆತ್ತಿ, ಹದಿನೆಂಟು ವರ್ಷದಲ್ಲಿ ಮೊದಲ ಬಾರಿ, ಅಳಿಯನ ಮುಖವನ್ನು ನೇರವಾಗಿ ನೋಡಿದಳು.

"ಯಾವ ಒಲೆ, ಅಳಿಯಪ್ಪಾ?"

ಅವನು ಸುತ್ತ ನೋಡಿದ. ಊರಿನ ಒಂದು ಮಾಡಿನ ಮೇಲೂ ಹೊಗೆಯ ಎಳೆ ಇರಲಿಲ್ಲ. ಪಕ್ಕದ ಮನೆಯ ಬಾಗಿಲಲ್ಲಿ ಹೆಂಗಸೊಬ್ಬಳು ಹೊಸ ಬೆಂಕಿಗಾಗಿ ಖಾಲಿ ಮಡಕೆ ಹಿಡಿದು ನಿಂತಿದ್ದಳು, ಅವಳ ಹಿಂದೆ ಒಲೆಯ ಕಲ್ಲುಗಳ ನಡುವೆ ಬೂದಿ ಕೆಸರಾಗಿತ್ತು. ಚಿಸಾಲೆ ಕೆಂಡದ ಮಡಕೆಯನ್ನು ಕೆಳಗಿಟ್ಟ. "ಊರ ಹಿರಿಯ ಮಣ್ಣಾಗೋ ದಿನ ಹೆಂಗಸರು ಬೆಳಕು ಹರಿಯೋ ಮುಂಚೆ ಎಲ್ಲಾ ಒಲೆಗೂ ನೀರು ಹುಯ್ತಾರೆ," ಎಂದ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಹಿಂದಿನ ಹಿರಿಯ ಸತ್ತಾಗ ನೀನಿನ್ನೂ ಇಲ್ಲಿಗೆ ಬಂದಿರ್ಲಿಲ್ಲ."