ಅಕ್ಕ ಬರೆಯದ ಬಾಗಿಲು

"ಈ ಬಾಗಿಲು ಎಲ್ಲಿಂದ ಬಂತಪ್ಪಾ?" ಎಂದು ಖಾಲಿ ಕೋಣೆಯಲ್ಲಿ ಗಟ್ಟಿಯಾಗಿಯೇ ಕೇಳಿದೆ.

ಅಕ್ಕ ಕಂಪ್ಯೂಟರಿನಲ್ಲಿ ಹುಲ್ಲು, ನೆಲ, ಗೋಡೆಯ ಟೈಲುಗಳ ಚಿತ್ರಗಳನ್ನು ಚೌಕ ಚೌಕವಾಗಿ ಬರೆದುಕೊಡುತ್ತಾಳೆ. ನಾನು ಪದ್ಯ ಗುನುಗುತ್ತಾ, ಅದರ ತಾಳಕ್ಕೆ ಒಂದೊಂದನ್ನೇ ಜೋಡಿಸಿ ಗೇಮಿನ ಕೋಟೆ ಕಟ್ಟುತ್ತೇನೆ. ಅಂದು ಸಂಜೆಯೊಳಗೆ ಸ್ಪರ್ಧೆಗೆ ಕಳಿಸಬೇಕಿತ್ತು. ಮಧ್ಯಾಹ್ನ ನೋಡಿದರೆ ಗೋಡೆಯಲ್ಲಿ ನಾನು ಇಡದ ಕೆಂಪು ಬಾಗಿಲು! ಅಳಿಸಿದಷ್ಟು ಸಲವೂ ಅದು ಕೋಟೆಯೊಳಗೆ ನಿಂತಿದ್ದ ನಮ್ಮ ಗೇಮಿನ ನಾಯಕನಿಗೆ ಒಂದೊಂದು ಚೌಕ ಹತ್ತಿರ ಬಂದು ನಿಂತಿತು. ಮೌಸು ತಣ್ಣಗೆ ಕೊರೆಯುತ್ತಿತ್ತು. ಗುನುಗುವುದನ್ನು ನಿಲ್ಲಿಸಿದರೆ, ಅದೇ ತಾಳದಲ್ಲಿ ಬಾಗಿಲು ತಟ್ಟುವ ಸದ್ದು. ಗೇಮಿಗೆ ನಾವಿನ್ನೂ ಸದ್ದೇ ಹಾಕಿರಲಿಲ್ಲ.

ಅಕ್ಕ ಬಂದು ನೋಡಿ ನಕ್ಕಳು. "ಚೆನ್ನಾಗಿದೆ ಕಣೋ, ಯಾರು ಬರೆದದ್ದು?"

"ನೀನಲ್ವಾ?"

"ನಾನು ಬಾಗಿಲೇ ಬರೆದಿಲ್ಲ."

"ಹಾಗಾದ್ರೆ ನೀನೇ ಅಳಿಸಕ್ಕಾ, ನಿನ್ನ ದಮ್ಮಯ್ಯ."

ಅವಳು ಕಿವಿಗೊಟ್ಟು ಕೇಳಿ, ಮೌಸನ್ನು ನನ್ನ ಕಡೆಗೇ ತಳ್ಳಿದಳು.

"ಸುತರಾಂ ಅಳಿಸಲ್ಲ. ಪಾಪ, ಒಳಗೆ ಯಾರೋ ಇದ್ದಾರೆ."